ಕರಿಕೋಟಿನ ಉಗ್ಗು

ಜಿಪ್ಪಕ್ಕನ ಅಂಗಡಿ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿದೆ. ನನ್ನದು ಅದಕ್ಕೆ ಅಂಟಿಕೊಂಡೇ ಇದೆ, ನಡುವೆ ಒಂದು ಹಲಗೆ ಅಷ್ಟೆ. ಅವಳು ಬ್ಯಾಗುಗಳ ಜಿಪ್ಪು ರಿಪೇರಿ ಮಾಡುತ್ತಾಳೆ, ನಾನು ಬೀಗದ ಕೈ ಮಾಡುತ್ತೇನೆ. ಅದಕ್ಕೇ ನನ್ನನ್ನು ಅವಳು ಕರೆಯುವುದು ‘ಬೀಗ’ ಎಂದು. ಹೊಸ ಗಿರಾಕಿಗಳು ಇದನ್ನು ಕೇಳಿ, ಓಹೋ, ಇವನ ಮಗನಿಗೆ ಆಕೆಯ ಮಗಳನ್ನು ಕೊಟ್ಟಿದ್ದಾರೆ ಎಂದುಕೊಂಡು ಇಬ್ಬರನ್ನೂ ಮರ್ಯಾದೆಯಿಂದ ಮಾತಾಡಿಸುತ್ತಾರೆ. ನನಗೆ ಮದುವೆಯೇ ಆಗಿಲ್ಲ. ಆದರೂ ತಿದ್ದಲು ನಾವಿಬ್ಬರೂ ಹೋಗಿಲ್ಲ.

ಜಿಪ್ಪಕ್ಕನಿಗೆ ಉಗ್ಗು. ಮಾತು ಕಲಿತಾಗಿನಿಂದ ಇತ್ತು, ಅರವತ್ತು ದಾಟಿದ ಮೇಲೂ ಇದೆ. ಅವಳ ಮಾತನ್ನು ಕಿವಿಗೆ ಬಿದ್ದ ಹಾಗೇ ಇಲ್ಲಿ ಬರೆಯುತ್ತೇನೆ. ಓದುವವರಿಗೆ ತೊಡಕಾದರೆ ಆಗಲಿ. ನಾನೇನಾದರೂ ಅದನ್ನು ನೇರ ಮಾಡಿ ಬರೆದರೆ ಮುಂದೆ ಹೇಳಲಿರುವ ಸಿನಿಮಾದವರು ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಆಮೇಲೆ ಹಲಗೆಯ ಆ ಕಡೆಯಿಂದ ಇಕ್ಕಳ ಹಾರಿ ಬಂದರೆ ಬಿಡಿಸಲು ಯಾರೂ ಇರುವುದಿಲ್ಲ.

ಅವಳಿಗೆ ಕಾಮಿಕ್ಸ್ ಹುಚ್ಚು. ಯಾರೋ ರಿಪೇರಿಗೆ ಕೊಟ್ಟು ಮರೆತೇಹೋದ ಒಂದು ಸೂಟ್‌ಕೇಸಿನ ತುಂಬ ಹಳೆಯ ಚಿತ್ರಕಥೆ ಪುಸ್ತಕಗಳಿವೆ. ಹಾಳೆ ಹಳದಿ, ಅಂಚು ಪುಡಿಪುಡಿ. ಕೆಲಸವಿಲ್ಲದ ಹೊತ್ತಿನಲ್ಲಿ ಒಂದನ್ನು ತೆಗೆದು, ಮೇಣದಬತ್ತಿಯ ತುಂಡು ಹಿಡಿದ ಕೈಯಲ್ಲೇ ಪುಟ ತಿರುವುತ್ತಾಳೆ. ಜಿಪ್ಪಿನ ಹಲ್ಲಿಗೆ ತಿಕ್ಕುವ ಆ ಮೇಣ ಪುಸ್ತಕಕ್ಕೂ ಹತ್ತಿ, ಕೆಲವು ಪುಟ ಜಾರುತ್ತವೆ. ಆ ಕಥೆಗಳಲ್ಲಿ ಯಾವುದೇ ಸಿನಿಮಾ ಆಗಲಿ, ಮೊದಲ ದಿನವೇ ಹೋಗುತ್ತಾಳೆ, ಮಾರನೆಯ ದಿನ ಬೆಳಗಿನಿಂದ ಸಂಜೆವರೆಗೆ ಬೈಯುತ್ತಾಳೆ.

‘ಬೈಯೋಕೆ ಅಂತಾನೇ ಯಾಕೆ ಹೋಗ್ತೀಯಕ್ಕ?’ ಎಂದು ಒಮ್ಮೆ ಕೇಳಿದೆ.

‘ನೋ-ನೋಡದೇ ಬೈದ್ರೆ ಅನ್ಯಾಯ ಅಲ್ವೇನೋ?’

ಕಡಲಜ್ಜಿಯ ಸಿನಿಮಾ ಬಂದಾಗ ನಡೆದದ್ದು ನನಗಿನ್ನೂ ನೆನಪಿದೆ. ಪುಸ್ತಕದ ಕಡಲಜ್ಜಿ ಹಲ್ಲುದುರಿದ ಮುದುಕಿ, ಹಡಗು ನಡೆಸುತ್ತಾಳೆ, ಬಿರುಗಾಳಿಗೂ ಗದರುತ್ತಾಳೆ. ಸಿನಿಮಾದಲ್ಲಿ ಆಕೆ ಸಪೂರ ಸೊಂಟದ ಹುಡುಗಿ. ‘ಹೆ-ಹೆಸರಲ್ಲೇ ಅಜ್ಜಿ ಇದಾಳೆ. ಅಷ್ಟೂ ಕ-ಕಾಣಿಸಲಿಲ್ವಾ ಅವರಿಗೆ?’ ಎಂದು ಕೇಳಿದ್ದು ನನ್ನನ್ನಲ್ಲ, ತನ್ನ ಬ್ಯಾಗು ಒಯ್ಯಲು ಬಂದಿದ್ದ ಒಬ್ಬ ಪಾಪದ ಗಿರಾಕಿಯನ್ನು. ಮರಕುಟಿಗ ಎಂಬ ಬೋಳುತಲೆಯ ಪತ್ತೇದಾರನಿಗೆ ಸಿನಿಮಾದವರು ಕೂದಲು ಬೆಳೆಸಿದ್ದರು. ತಲೆ ಬೋಳಾಗಿದ್ದರಿಂದಲೇ ಅಲ್ಲವೇ ಅವನು ಎಲ್ಲರೆದುರು ಟೋಪಿ ತೆಗೆಯಲು ನಾಚುತ್ತಿದ್ದುದು, ಆ ಟೋಪಿಯಲ್ಲೇ ಅಲ್ಲವೇ ಸಾಕ್ಷಿ ಅಡಗಿಸುತ್ತಿದ್ದುದು ಎಂದು ಅವಳ ವಾದ. ನನಗೂ ಅದು ಹೌದೆನಿಸಿತ್ತು, ಒಪ್ಪಿಕೊಳ್ಳಲಿಲ್ಲ.

ಅವಳ ದೊಡ್ಡ ತಕರಾರು ಬೇರೆಯೇ ಇದೆ. ‘ಪುಸ್ತಕದಲ್ಲಿ ಒಂದು ಚಿತ್ರದ ಚೌಕದಿಂದ ಇ-ಇನ್ನೊಂದು ಚೌಕಕ್ಕೆ ಹೋಗೋವಾಗ ನಡುವೆ ಬಿಳಿ ಜಾಗ ಇರುತ್ತೆ ನೋಡು. ಅದು ನ-ನಮ್ಮ ಪಾಲಿಂದು. ಅಲ್ಲೇನಾಯ್ತು ಅಂತ ನಾವು ಅಂದ್ಕೋಬೇಕು. ಸಿನಿಮಾದವರು ಅದನ್ನೂ ಬಿ-ಬಿಡಲ್ಲ, ತುಂಬಿಸಿ ಇಟ್ಬಿಡ್ತಾರೆ. ನಮ್ಮ ಪಾಲನ್ನ ತಿನ್ನೋಕೆ ಇವರ್ಯಾರು?’

ಇಷ್ಟೆಲ್ಲ ಇದ್ದರೂ ಅವಳ ಪ್ರಾಣವೆಲ್ಲ ಇದ್ದುದು ಕರಿಕೋಟಿನಲ್ಲಿ. ಉದ್ದನೆಯ ಕಪ್ಪು ಕೋಟಿನ, ಮೊಣಕೈಗೆ ತೇಪೆ ಹಾಕಿಕೊಂಡ ಒಬ್ಬ ಮನುಷ್ಯ. ಯಾರನ್ನಾದರೂ ಎಲ್ಲಾದರೂ ಕೂಡಿಹಾಕಿದ್ದರೆ ಬಂದು ಬಾಗಿಲ ಮುಂದೆ ನಿಲ್ಲುತ್ತಾನೆ. ಬೀಗದ ಕೈಯಿಲ್ಲ, ಕತ್ತಿಯಿಲ್ಲ. ನನ್ನ ಕಸುಬಿಗೇ ಕುತ್ತು ತರುವ ಆಸಾಮಿ. ಅವನು ಹೇಳುವುದು ಪ್ರತಿ ಪುಸ್ತಕದಲ್ಲೂ ಅದೇ ಮಾತು, ಅದು ಅಚ್ಚಾಗಿರುವುದು ಹೀಗೆ: ‘ಬಾ-ಗಿಲು ತೆ-ಗೆಯಿರಿ. ನಾ-ನು ಬಂ-ದಿದ್ದೇನೆ.’

ಚಿಕ್ಕಂದಿನಲ್ಲಿ, ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಬೆವರುತ್ತಿದ್ದ ಜಿಪ್ಪಕ್ಕ ಇದನ್ನು ವಾಚನಾಲಯದ ನೆಲದ ಮೇಲೆ ಕೂತು ಓದಿದಳು. ಮತ್ತೆ ಓದಿದಳು. ಕಳ್ಳರು, ಮೋಸಗಾರರು, ಸುಳ್ಳು ವಕೀಲರು, ಎಲ್ಲರ ಮಾತೂ ಸಲೀಸು. ಉಗ್ಗುವವನು ಕರಿಕೋಟು ಒಬ್ಬನೇ. ಅವನು ಉಗ್ಗಿದರೂ ಬಾಗಿಲು ತೆರೆಯುತ್ತಿತ್ತು. ‘ಅವತ್ತು ಮ-ಮನೆಗೆ ಹೋಗಿ ಅಪ್ಪನ ಮುಂದೆ ನಿಂತು ಮಾತಾಡಿದೆ. ಸರಿಯಾಗಿ ಮಾತಾಡು ಅಂದ್ರು. ಸ-ಸ-ಸರಿಯಾಗೇ ಮಾತಾಡ್ತಿದೀನಿ ಅಂದೆ.’ ಇದನ್ನು ಹೇಳುವಾಗ ಅವಳ ಗದ್ದ ಇಂದಿಗೂ ಮೇಲೇಳುತ್ತದೆ.

ಅವಳ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಗಳಿಗೆ ಉಗ್ಗಿಲ್ಲ. ಮೊಮ್ಮಗಳಿಗೆ ಬಂದಿದೆ. ಹುಡುಗಿಯನ್ನು ಜಿಪ್ಪಕ್ಕ ಕರೆಯುವುದು ಗುಂಡಿ ಎಂದು. ಬೀಳುವ ಗುಂಡಿಯಲ್ಲ, ಅಂಗಿಯ ಗುಂಡಿ. ಶಾಲೆ ಬಿಟ್ಟ ಮೇಲೆ ತಾಯಿ ಬರುವ ತನಕ ಮೆಟ್ಟಿಲ ಕೆಳಗೆ ಕೂತಿರುತ್ತಾಳೆ. ಶಾಲೆಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ, ಹಾಜರಿಗೆ ಕೈ ಎತ್ತುತ್ತಿದ್ದಳು ಅಷ್ಟೆ. ಆದರೆ ಮೆಟ್ಟಿಲ ಕೆಳಗೆ ಬಂದರೆ ಅಬ್ಬಬ್ಬ, ಅಜ್ಜಿ ಮೊಮ್ಮಗಳು ಇಬ್ಬರೂ ಕರಿಕೋಟಿನ ಪುಸ್ತಕ ಹಿಡಿದು ಜೋರಾಗಿ ಓದುವುದೇನು, ಉಗ್ಗುವುದೇನು, ಒಬ್ಬರು ಸಿಕ್ಕಿಕೊಂಡಲ್ಲಿ ಇನ್ನೊಬ್ಬರು ಕಾಯುವುದೇನು. ಹಲಗೆಯ ಈ ಕಡೆ ನನಗೆ ಒಂದು ಬೀಗದ ಕೈಗೆ ನೆಟ್ಟಗೆ ಅರ ಹಾಕಲು ಆಗುತ್ತಿರಲಿಲ್ಲ.

ಹೀಗಿರುವಾಗ ಕರಿಕೋಟಿನ ಸಿನಿಮಾ ಬಂತು.

ನನಗೆ ಹಿಡಿಸಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊಡೆದಾಟ ಚೆನ್ನಾಗಿತ್ತು. ಜಿಪ್ಪಕ್ಕ ಮಾತ್ರ ಮಾರನೆಯ ದಿನ ಬೈಯಲೇ ಇಲ್ಲ, ಅದು ನನಗೆ ಸರಿ ಕಾಣಲಿಲ್ಲ. ಕೋಟಿನ ತೇಪೆ ಹೋಗಿ ಮಿರಿಮಿರಿ ಚರ್ಮ ಬಂದಿತ್ತು. ಅವನಿಗೊಬ್ಬಳು ಪ್ರೇಯಸಿ ಗಂಟುಬಿದ್ದಿದ್ದಳು. ಬಾಗಿಲ ಮುಂದೆ ನಿಂತ ನಾಯಕ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಗುಡುಗುವ ದನಿಯಲ್ಲಿ, ಒಂದು ಅಕ್ಷರವೂ ತಡವರಿಸದೆ, ‘ಬಾಗಿಲು ತೆಗೆಯಿರಿ. ನಾನು ಬಂದಿದ್ದೇನೆ’ ಎಂದು ಒದೆಯುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ನಾನೂ ಹೊಡೆದಿದ್ದೆ.

ಆ ವಾರವೇ ಗುಂಡಿಯ ಶಾಲೆಯವರು ಮಕ್ಕಳನ್ನೆಲ್ಲ ಸಿನಿಮಾಕ್ಕೆ ಕರೆದೊಯ್ದರು. ಪಕ್ಕದ ಬೆಂಚಿನ ಹುಡುಗಿಗೆ ಗುಂಡಿ ಹಿಂದೆ ಯಾವಾಗಲೋ ಒಂದು ಗುಟ್ಟು ಹೇಳಿದ್ದಳಂತೆ, ಕರಿಕೋಟೂ ನನ್ನ ಹಾಗೇ ಮಾತಾಡುವುದು ಎಂದು. ಶಾಲೆಯಲ್ಲಿ ಅವಳು ಆಡಿದ್ದ ಒಂದೇ ಮಾತು ಅದು. ಸಿನಿಮಾ ಮುಗಿದ ಮೇಲೆ ತರಗತಿಗೆ ತರಗತಿಯೇ ಅವಳನ್ನು ಸುತ್ತುಗಟ್ಟಿ, ಎಲ್ಲಿ ಉಗ್ಗಿದ, ಎಲ್ಲಿ ಉಗ್ಗಿದ ಎಂದು ಕೇಳಿತು.

ಸಂಜೆ ಬಂದು ಚೀಲ ಇಳಿಸಿದಳು. ‘ಹೇ-ಹೇಗಿತ್ತೇ?’ ಎಂದಳು ಜಿಪ್ಪಕ್ಕ.

‘ಅವನು ಉ-ಉಗ್ಗಲ್ಲ. ನೀನು ಹೇಳಿದ್ದು ಸು-ಸುಳ್ಳು.’

ಅಷ್ಟೇ. ಅಲ್ಲಿಗೆ ಹುಡುಗಿಯ ಬಾಯಿ ಮುಚ್ಚಿತು. ಮೆಟ್ಟಿಲ ಕೆಳಗೂ ಮಾತಿಲ್ಲ, ಮನೆಯಲ್ಲೂ ಇಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು. ನಾನು ಮಂಗನ ಹಾಗೆ ಮುಖ ಮಾಡಿ ನೋಡಿದೆ, ನಗಲಿಲ್ಲ.

ಕೆಲವು ದಿನ ಕಳೆದು ಮಗಳು ಬಂದಳು. ಕೂರಲೂ ಇಲ್ಲ. ‘ಆ ಪುಸ್ತಕ ತೋರಿಸಿ ತೋರಿಸಿ ಅವಳ ತಲೆ ಕೆಡಿಸಿದ್ದು ನೀನೇ ಅಮ್ಮ. ಊರೆಲ್ಲ ಬಾಯಿ ಮುಚ್ಚಿಸಿದ್ರೂ ಇಲ್ಲೊಂದು ಕಡೆ ಮಾತಾಡ್ತಿದ್ಲು. ಈಗ ಇದೂ ಹೋಯ್ತು. ಇನ್ಮೇಲೆ ಆ ಪೆಟ್ಟಿಗೆ ತೆಗೀಬೇಡ.’ ಹೇಳುತ್ತಲೇ ಅವಳ ಕಣ್ಣು ತುಂಬಿತು. ಜಿಪ್ಪಕ್ಕ ಒಂದು ಜಿಪ್ಪಿಗೆ ಮೇಣ ತಿಕ್ಕುತ್ತಲೇ ಇದ್ದಳು, ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ತಿಕ್ಕಿದಳು.

ಮಗಳು ಮಗುವನ್ನು ಕರೆದುಕೊಂಡು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಹಲಗೆ ದಾಟಿ ಹೋಗಿ ಸೂಟ್‌ಕೇಸು ತೆಗೆದು ಪುಸ್ತಕ ಬಿಚ್ಚಿ ಅವಳ ಮೂಗಿನ ಕೆಳಗೆ ಹಿಡಿದೆ. ‘ಇದು ಉಗ್ಗಲ್ಲ ಕಣಕ್ಕ. ಇದು ಬೇರೆ ಭಾಷೆಯಿಂದ ಕನ್ನಡಕ್ಕೆ ತಂದ ಪುಸ್ತಕ, ಈ ಮಾತಿನ ಗುಳ್ಳೆ ಬರೆದದ್ದು ಅವರ ಗಿಡ್ಡ ಪದಗಳಿಗೆ. ನಮ್ಮ ಪದ ಮಾರುದ್ದ. ಇವನ ಕೋಟೇ ಚೌಕದ ಮುಕ್ಕಾಲು ಪಾಲು ತಿಂದುಬಿಟ್ಟಿದೆ. ಉಳಿದ ಓಣಿಯಷ್ಟು ಜಾಗದಲ್ಲಿ ಪದ ಹಿಡಿಸದೆ ಮುರಿದು ಅಡ್ಡಗೆರೆ ಹಾಕಿದಾರೆ. ಕಳ್ಳರ ಗುಳ್ಳೆ ಅಗಲ ಇದೆ, ಅದಕ್ಕೇ ಅವರ ಮಾತು ಸಲೀಸು. ಇಷ್ಟೇ ವಿಷಯ.’

‘ಗೊ-ಗೊತ್ತು’ ಎಂದಳು.

‘ಗೊತ್ತಾ? ಯಾವಾಗಿಂದ?’

‘ನಿಂಗೆ ಮೀ-ಮೀಸೆ ಬರೋಕೆ ಮುಂಚಿಂದ. ಚಿಕ್ಕ ಬ್ಯಾಗಿಗೆ ದೊಡ್ಡ ಬ-ಬಟ್ಟೆ ತುರುಕಿದ್ರೆ ಹೇಗಿರುತ್ತೆ ಅಂತ ನನಗೆ ಹೇಳಿಕೊಡ್ತೀಯಾ?’

‘ಮತ್ತೆ ಮಗೂಗೆ ಯಾಕೆ ಹಾಗೆ ಹೇಳಿದೆ?’

ಜಿಪ್ಪಕ್ಕ ಇಕ್ಕಳ ಕೆಳಗಿಟ್ಟಳು. ಅವಳು ಇಕ್ಕಳ ಕೆಳಗಿಟ್ಟು ಮಾತಾಡುವುದು ಅಪರೂಪ.

‘ಕ-ಕಡಲಜ್ಜಿನ ಹುಡುಗಿ ಮಾಡಬಹುದು. ಬೋ-ಬೋಳುತಲೆಗೆ ಕೂದಲು ನೆಡಬಹುದು. ಕರಿಕೋಟಿಗೆ ಅವಳ್ಯಾರೋ ಒಬ್ಬಳನ್ನ ಗಂಟು ಹಾಕಬಹುದು. ಅದಕ್ಕೆಲ್ಲ ಯಾರೂ ಸು-ಸುಳ್ಳು ಅನ್ನಲ್ಲ, ಟಿಕೆಟ್ ಕೊಟ್ಟು ಹೋಗಿ ಶಿ-ಶಿಳ್ಳೆ ಹೊಡೀತಾರೆ. ನಾನು ಅವನಿಗೆ ಒಂದು ಉ-ಉ-ಉಗ್ಗು ಕೊಟ್ರೆ ತಪ್ಪಾ? ಅಚ್ಚು ಹಾಕಿದೋರಿಗೆ ಅದು ಗೆರೆ. ಓದಿದೋಳು ನಾನು. ನ-ನನಗೆ ಅದು ಅವನ ಬಾಯಿ.’

ನಾನು ನನ್ನ ಜಾಗಕ್ಕೆ ಬಂದು ಕೂತೆ. ಬಿಗಿದಿಟ್ಟಿದ್ದ ಒಂದು ಬೀಗದ ಕೈಗೆ ಅರ ಹಾಕಲು ಹೋಗಿ ಕೆಡಿಸಿದೆ.

ಮಾರನೆಯ ದಿನ ಗುಂಡಿ ಬಂದಾಗ ಜಿಪ್ಪಕ್ಕ ಸುತ್ತಿಬಳಸಲಿಲ್ಲ. ಪುಸ್ತಕ ತೆಗೆದು ಗುಳ್ಳೆಗಳ ಮೇಲೆ ಬೆರಳಿಟ್ಟು ಅಗಲದ್ದು, ಕಿರಿದಾದದ್ದು ಎಲ್ಲ ತೋರಿಸಿದಳು. ಗೆರೆ ಯಾಕೆ ಬಂತೆಂದು ಹೇಳಿದಳು. ಹುಡುಗಿ ಕಣ್ಣು ಎತ್ತಿ ನೋಡಿದಳು. ಹಾಗಾದರೆ ಅವನು ಉಗ್ಗುವುದಿಲ್ಲವೇ ಎಂಬುದು ಆ ಮುಖದಲ್ಲೇ ಇತ್ತು.

‘ಪು-ಪುಸ್ತಕ ಮುಚ್ಚಿದಾಗ ಇಲ್ಲ’ ಎಂದಳು ಜಿಪ್ಪಕ್ಕ. ‘ನಾವು ಓ-ಓದಿದ್ರೆ ಉಗ್ಗ್ತಾನೆ. ಬೇರೆಯೋರು ಓದಿದ್ರೆ ಅವರ ಥರ. ನಿಂಗೆ ಬೇಕಾದ್ರೆ ಇ-ಇಟ್ಕೋ, ಬೇಡದಿದ್ರೆ ಬಿಡು. ಆದ್ರೆ ಸುಳ್ಳು ಅಂತ ಮಾ-ಮಾತ್ರ ಅನ್ನಬೇಡ.’

ಗುಂಡಿ ಪುಸ್ತಕವನ್ನು ವಾಪಸ್ಸು ಕೊಡಲಿಲ್ಲ.

ಸಂಜೆ ಮಗಳು ಬಂದ ಕೂಡಲೇ ಜಿಪ್ಪಕ್ಕ ಇನ್ನೊಂದು ಬಾಂಬು ಹಾಕಿದಳು. ‘ರ-ರಜಾ ದಿನ ಇವಳನ್ನ ಅದೇ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ.’

‘ಮತ್ತೆ ಅಳಿಸ್ತೀಯಾ ಅವಳನ್ನ?’

‘ಅತ್ರೆ ನಾ-ನಾನೇ ಕಣ್ಣು ಒರೆಸ್ತೀನಿ. ಕರಿಕೋಟನ್ನ ಆ ಸಿನಿಮಾದವರ ಬಾ-ಬಾಯಿಗೆ ಬಿಟ್ಟು ಬರೋಕಾಗಲ್ಲ.’

ಗುಂಡಿಯ ತಾಯಿ ಮಗುವಿನ ಮುಖ ನೋಡಿದಳು. ಗುಂಡಿ ಆಗಲೇ ಚೀಲಕ್ಕೆ ಪುಸ್ತಕ ತುರುಕುತ್ತಿದ್ದಳು. ತಾಯಿ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ರಜಾ ದಿನ ಜಿಪ್ಪಕ್ಕ ಹಲಗೆಯ ಈ ಕಡೆಯಿಂದ ನನ್ನನ್ನೂ ಎಳೆದುಕೊಂಡು ಹೋದದ್ದು ಯಾಕೆಂದು ನನಗೆ ಗೊತ್ತಿಲ್ಲ. ಗಲಾಟೆಯಾದರೆ ಎದ್ದು ನಿಲ್ಲಲು ಒಬ್ಬ ಬೀಗ ಇರಲಿ ಎಂದಿರಬೇಕು.

ಮಧ್ಯಾಹ್ನದ ಆಟ. ಜನ ತುಂಬಿದ್ದರು. ಗುಂಡಿ ನಮ್ಮಿಬ್ಬರ ನಡುವೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಚರ್ಮದ ಕೋಟು ಬಂತು, ಪ್ರೇಯಸಿ ಬಂದಳು, ಹೊಡೆದಾಟವೂ ಆಯಿತು. ಈ ಸಲ ನನಗೆ ಅದು ಅಷ್ಟೇನೂ ರುಚಿಸಲಿಲ್ಲ. ಆಮೇಲೆ ಆ ಬಾಗಿಲು. ನಾಯಕ ಬಂದು ನಿಂತ. ಸಂಗೀತ ನಿಂತಿತು. ಇಡೀ ಹಾಲ್ ಶಿಳ್ಳೆಗೆ ಬಾಯಿ ಸಿದ್ಧ ಮಾಡಿಕೊಂಡು ಉಸಿರು ಹಿಡಿದಿತ್ತು.

ಆ ಮೌನದಲ್ಲಿ ಜಿಪ್ಪಕ್ಕ ಎದ್ದು ನಿಂತಳು.

‘ಬಾ-ಬಾ-ಬಾಗಿಲು’ ಎಂದಳು, ಕಡೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ.

ಪರದೆಯ ಮೇಲಿನವನು ತನ್ನ ಮಾತು ಪೂರ್ತಿ ಮುಗಿಸಿದ. ಒದ್ದ. ಬಾಗಿಲು ಬಿತ್ತು. ಜಿಪ್ಪಕ್ಕ ಇನ್ನೂ ‘ತೆ-ತೆ-’ ಎನ್ನುತ್ತಿದ್ದಳು. ನಿಲ್ಲಿಸಲಿಲ್ಲ. ಶಿಳ್ಳೆ ಹೊಡೆಯಬೇಕಾದವರು ತಿರುಗಿ ನೋಡಿದರು. ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೂ ಕೂತುಕೋ ಎಂದು ಅವಳ ಸೆರಗು ಎಳೆಯಲು ನನಗೆ ಮನಸ್ಸಾಗಲಿಲ್ಲ.

‘ತೆ-ಗೆಯಿರಿ. ನಾ-ನಾ-ನಾನು’

ಹಿಂದಿನ ಸಾಲಿನ ದಪ್ಪನೆಯ ಮನುಷ್ಯನೊಬ್ಬ ಮುಂದಕ್ಕೆ ಬಾಗಿದ. ‘ಏನಮ್ಮ ನಿಮ್ಮ ರಗಳೆ. ಸುಮ್ನೆ ಕೂತ್ಕೊಳ್ಳಿ, ಮಾತು ಕೇಳಿಸ್ತಿಲ್ಲ’ ಎಂದ.

ನಾನು ಅಂಗಿಯ ತೋಳು ಮಡಚಿ ಎದ್ದೆ. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರ್ರ್ ಎಂದಿತು. ಗುಂಡಿ ಅದರ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿದ್ದಳು, ಆ ಮನುಷ್ಯನ ಮುಖಕ್ಕೆ ಮುಖ ಕೊಟ್ಟು.

‘ನೀ-ನೀವು ಸು-ಸು-ಸುಮ್ನಿರಿ’ ಎಂದಳು. ‘ಕ-ಕರಿಕೋಟು ಮಾ-ಮಾತಾಡ್ತಿದಾನೆ.’

ಪರದೆಯ ಮೇಲೆ ಆಗ ಯಾರೂ ಮಾತಾಡುತ್ತಿರಲಿಲ್ಲ. ಇಡೀ ಹಾಲಿನಲ್ಲಿ ಮಾತಾಡುತ್ತಿದ್ದವಳು ಜಿಪ್ಪಕ್ಕ ಒಬ್ಬಳೇ, ಅವಳಿನ್ನೂ ‘ಬಂ-’ ಎಂಬಲ್ಲಿದ್ದಳು. ಅವಳು ಮುಗಿಸುವ ತನಕ ಗುಂಡಿ ಆ ಮನುಷ್ಯನ ಮುಖದಿಂದ ಕಣ್ಣು ತೆಗೆಯಲಿಲ್ಲ.