ಜೀಪಿನಲ್ಲಿ ಓದಿದ ಮೆಸೇಜು

ಸ್ಕೂಟಿಯ ಬ್ರೇಕು ಸರಿ ಮಾಡಿಸಲು ಮೊನ್ನೆ ಜತ್ತಿನ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್, "ಸ್ವಲ್ಪ ಕುಂದ್ರಿ ಬಾಯಾರ, ಲಗೂನ ಮಾಡಿ ಕೊಡ್ತೀನಿ" ಎಂದ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಫೋನ್ ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ಕೊನೆಗೆ ಎದ್ದು ಗ್ಯಾರೇಜಿನ ಹಿಂದೆ ಅಡ್ಡಾಡಲು ಹೋದರೆ, ಅಲ್ಲಿ ಗಾಲಿಗಳಿಲ್ಲದ ಒಂದು ಹಳೆಯ ಜೀಪು ನಿಂತಿತ್ತು. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಡೀಸೆಲ್ಲು, ಅದರ ಜೊತೆಗೆ ಎಲ್ಲೋ ಒಂದಿಷ್ಟು ಅತ್ತರು... ಆ ವಾಸನೆ ಮೂಗಿಗೆ ಬಡಿದ ಮೇಲೆ ಇದು ಯಾರ ಜೀಪು ಎಂದು ಕೇಳುವುದೇನಿತ್ತು! ಆದರೂ ಒಳಗೆ ಬಗ್ಗಿ ನೋಡಿದೆ. ಸ್ಟಿಯರಿಂಗಿನ ಪಕ್ಕ ಚೌಕಾಕಾರದ ಅಂಟಿನ ಕಲೆ ಹಾಗೇ ಇತ್ತು. ಅಲ್ಲಿ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದವಳು ನಾನು.

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಉಟಗಿಯಿಂದ ಜತ್ತಿಗೆ ಬಾಡಿಗೆ ಮಂದಿಯನ್ನು ತುಂಬಿಕೊಂಡು ವಡಾಪ್ ಹೊಡೆಯುತ್ತಿದ್ದ ಜೀಪು ಅದು. ಸೀಟು ತುಂಬುವವರೆಗೆ ಜಪ್ಪಯ್ಯ ಅಂದರೂ ಹೊರಡುತ್ತಿರಲಿಲ್ಲ. ಓಡಿಸುತ್ತಿದ್ದವರು ಊರಿಗೆಲ್ಲ ಮಾಮಾ, ನನಗೂ ಮಾಮಾ. ನಾನು ಪುಣೆಯ ಒಂದು ಪೇಮೆಂಟ್ ಕಂಪನಿಗೆ ಕೋಡ್ ಬರೆಯುವವಳು, ಆ ಸ್ಟಿಕ್ಕರೂ ಅದೇ ಕಂಪನಿಯದು. ಉಟಗಿಯ ಮನೆಯಲ್ಲಿ ಕರೆಂಟು ಇದ್ದರೆ ನೆಟ್‌ವರ್ಕಿಲ್ಲ, ನೆಟ್‌ವರ್ಕಿದ್ದರೆ ಕರೆಂಟಿಲ್ಲ. ಅದಕ್ಕೇ ಜತ್ತಿನಲ್ಲಿ ಒಂದು ಖೋಲಿ ಹಿಡಿದು ದಿನಾ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಟೀಮಿನ ಮೀಟಿಂಗ್. ಇತ್ತ ಜೀಪು ತುಂಬುತ್ತಿರಲಿಲ್ಲ.

"ಮಾಮಾ, ಲಗೂನ ಬಿಡ್ರಿ, ನಂದು ಮೀಟಿಂಗ್ ಅದ" ಎಂದು ನಾನು ಚಡಪಡಿಸಿದರೆ ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿ, "ನಿಮ್ಮ ಮೀಟಿಂಗ್ ಎಲ್ಲಾರೂ ಬಂದಮ್ಯಾಲ ಸುರು ಆಗ್ತದೋ, ಒಬ್ರು ಬಂದ್ರ ಸುರು ಆಗ್ತದೋ ಯವ್ವಾ?" ಎನ್ನುತ್ತಿದ್ದರು.

"ಎಲ್ಲಾರೂ ಬರಬೇಕ್ರಿ."

"ಹಾಂ, ನಂದೂ ಹಂಗ."

ಜೀಪೆಲ್ಲ ನಗುತ್ತಿತ್ತು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಕಂಪ್ಯೂಟರ್ ಕೆಲಸವೆಂದರೆ ಫ್ಯಾನಿನ ಕೆಳಗೆ ಕೂತು ಟೈಪು ಮಾಡುವುದು ಎಂದು ಊರವರ ಲೆಕ್ಕ. ನನ್ನ ಟೀಮಿನ ಕೆಲಸ ಸಂಶಯ ಪಡುವುದು. ಒಂದು ಫೋನಿನಿಂದ ಇನ್ನೊಂದಕ್ಕೆ ದುಡ್ಡು ಹೋಗುವ ಕ್ಷಣದಲ್ಲೇ, ಇದು ಸರಿಯಾದದ್ದೋ ಮೋಸದ್ದೋ ಎಂದು ಯಂತ್ರ ತೀರ್ಮಾನಿಸಬೇಕು. ಅದಕ್ಕೆ ನಿಯಮಗಳನ್ನು ಬರೆಯುವವರು ನಾವು. ನಿಯಮ ಸಡಿಲಾದರೆ ಕಳ್ಳರು ನುಗ್ಗುತ್ತಾರೆ, ಬಿಗಿಯಾದರೆ ಪಾಪದವರು ಸಿಕ್ಕಿಬೀಳುತ್ತಾರೆ. ಎರಡಕ್ಕೂ ಬೈಗುಳ ನಮಗೇ. ಊಟಕ್ಕೆ ಕೂತರೂ ಒಂದು ಕಿವಿ ಫೋನಿನ ಕಡೆಗೇ ಇರುತ್ತದೆ. ಯಾವಾಗ ಅಲರ್ಟ್ ಕೂಗುತ್ತದೋ, ಯಾವುದು ಮುರಿದು ಬಿತ್ತೋ... ಈ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನವೂ ನಾನು ನಿರಾಳವಾಗಿ ಚಹಾ ಕುಡಿದ ನೆನಪಿಲ್ಲ.

ಮಾಮಾನ ಜೀಪಿನಲ್ಲಿ ಮುಂದಿನ ಸೀಟು ಸಾಲೆಗೆ ಹೋಗುವ ಒಬ್ಬ ಮಾಸ್ತರರದ್ದು. ಹಿಂದೆ ಕೂತವರಲ್ಲಿ ಹೆಚ್ಚಿನವರ ಹತ್ತಿರ ಪೇಮೆಂಟ್ ಮಾಡುವಂಥ ಫೋನಿರಲಿಲ್ಲ. ಅವರೆಲ್ಲ ಚಿಲ್ಲರೆಯನ್ನು ಕೈಯಿಂದ ಕೈಗೆ ದಾಟಿಸಿ ಮಾಸ್ತರರಿಗೆ ಮುಟ್ಟಿಸುವರು, ಮಾಸ್ತರರು ತಮ್ಮ ಫೋನಿನಿಂದ ಮಾಮಾನಿಗೆ ಹಾಕುವರು. ಎಲ್ಲ ಕೂಡಿಸಿ ಒಮ್ಮೆಲೇ ಹಾಕಿದ್ದರೆ ಮುಗಿದು ಹೋಗುತ್ತಿತ್ತು. ಮಾಮಾ ಒಪ್ಪುತ್ತಿರಲಿಲ್ಲ.

"ಒಬ್ಬೊಬ್ಬರ ಬಾಡಿಗಿ ಬ್ಯಾರೆ ಬ್ಯಾರೆ ಹಾಕ್ರಿ ಗುರುಗಳ. ಯಾರದು ಬಂತು, ಯಾರದು ಇಲ್ಲ ನನಗ ತಿಳೀಬೇಕು. ಕೊಟ್ಟಾವ್ರಿಗೇ ಮತ್ತ ಕೇಳಿದ್ರ ಭಾಳ ಕೆಟ್ಟ ಅನಸ್ತದ."

ಮಾಸ್ತರರು ಗೊಣಗುತ್ತಲೇ ಅದೇ ಮೊತ್ತವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು.

ಒಂದು ಬೆಳಿಗ್ಗೆ ಜೀಪು ಜತ್ತಿನ ಸ್ಟ್ಯಾಂಡಿಗೆ ಬಂದು ನಿಲ್ಲುವಷ್ಟರಲ್ಲಿ ಮಾಮಾನ ಫೋನಿಗೆ ಮೆಸೇಜು ಬಂತು. ಚಾಳೀಸು ಇಲ್ಲದೆ ಅವರಿಗೆ ಅಕ್ಷರ ಕಾಣದು. ಎಂದಿನಂತೆ ಮಾಸ್ತರರ ಕೈಗೆ ಕೊಟ್ಟರು. ಮಾಸ್ತರರು ಮರಾಠಿಯಲ್ಲಿದ್ದ ಅದನ್ನು ವರ್ಗದಲ್ಲಿ ಪಾಠ ಓದುವ ದನಿಯಲ್ಲೇ ಓದಿಬಿಟ್ಟರು: ಸಂಶಯಾಸ್ಪದ ವ್ಯವಹಾರದ ಕಾರಣ ನಿಮ್ಮ ಖಾತೆಯನ್ನು ಬಂದ್ ಮಾಡಲಾಗಿದೆ.

ಸಂಶಯಾಸ್ಪದ. ಮರಾಠಿಗೂ ಕನ್ನಡಕ್ಕೂ ಅದೊಂದೇ ಶಬ್ದ, ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಇಳಿಯುತ್ತಿದ್ದವರು ಇಳಿಯದೆ ನಿಂತರು. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಕಾಲ ಬಳಿಯಿದ್ದ ಚೀಲವನ್ನು ಸುಮ್ಮನೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಾಮಾ ಅದನ್ನು ಕನ್ನಡಿಯಲ್ಲಿ ನೋಡಿದರು. ಆಮೇಲೆ ಹೊರಳಿ ನನ್ನನ್ನು ಕೇಳಿದರು.

"ನಾ ಏನ್ ಲಬಾಡಿ, ಏನ್ ಮೋಸ ಮಾಡೀನಿ ಯವ್ವಾ?"

"ಏನಿಲ್ಲ ಮಾಮಾ, ನಾ ನೋಡ್ತೀನಿ" ಎಂದು ಓಡಿದೆ. ಖೋಲಿಗೆ ಹೋಗಿ ಲ್ಯಾಪ್‌ಟಾಪ್ ತೆರೆದರೆ, ನಮ್ಮ ಟೀಮಿನದೇ ಹೊಸ ನಿಯಮ. ಒಂದೇ ಫೋನಿನಿಂದ ಒಂದೇ ಖಾತೆಗೆ ಒಂದೇ ಮೊತ್ತ ಬೆನ್ನು ಬೆನ್ನಿಗೆ ಬಂದರೆ ಖಾತೆ ಬಂದ್. ಕಳ್ಳರು ಹಾಗೆ ಮಾಡುತ್ತಾರೆ, ಸುಳ್ಳಲ್ಲ. ಪುಣೆಯಲ್ಲಿದ್ದ ನಮ್ಮ ಟೀಮ್ ಲೀಡಿಗೆ ಫೋನ್ ಹಚ್ಚಿದೆ.

"ಗುರುತಿಲ್ಲದವರ ಬಾಡಿಗೆಯನ್ನು ಒಬ್ಬನೇ ಯಾಕೆ ಕಟ್ಟುತ್ತಾನೆ?" ಎಂದ ಅವನು.

ಎಷ್ಟು ಹೇಳಿದರೂ ಅವನಿಗೆ ಹೊಳೆಯಲಿಲ್ಲ. ಮರುದಿನ ಜೀಪಿನಿಂದಲೇ ವಿಡಿಯೋ ಕಾಲ್ ಮಾಡಿದೆ. ಖಾತೆ ಬಂದ್ ಆಗಿದ್ದರೂ ರೂಢಿಯಂತೆ ಹಿಂದಿನ ಸೀಟಿನಿಂದ ಹೊರಟ ಚಿಲ್ಲರೆ ಕೈ ಕೈ ದಾಟಿ ಮಾಸ್ತರರಿಗೆ ಮುಟ್ಟುವುದನ್ನು ತೋರಿಸಿದೆ. ಲೀಡ್ ಮೊದಲು ನಕ್ಕ, ಆಮೇಲೆ ಇನ್ನೊಮ್ಮೆ ತೋರಿಸು ಎಂದ. ನಿಯಮ ತಿದ್ದಿದರು, ಕೆಲವೇ ದಿನಗಳಲ್ಲಿ ಖಾತೆ ತೆರೆಯಿತು. ಗೆದ್ದು ಬಂದವಳ ಹಾಗೆ ಹೇಳಲು ಓಡಿದೆ. ಅಷ್ಟರಲ್ಲಿ ಮಾಮಾ ಸ್ಟಿಕ್ಕರನ್ನು ಕಿತ್ತು ಹಾಕಿದ್ದರು.

"ತೆರೀತು, ಚಲೋ ಆತು. ಬಂದ್ ಆಗಿದ್ದು ಎಲ್ಲಾರ ಮುಂದ ಓದಿದ್ರು ಯವ್ವಾ. ತೆರದದ್ದು ನಾ ಒಬ್ಬನ ಓದೀನಿ."

ಅವತ್ತಿನಿಂದ ಮತ್ತೆ ಬರೀ ನಗದು ರೊಕ್ಕವೇ. ಮೊದಲೆಲ್ಲ ನೋಡದೆ ಚಿಲ್ಲರೆ ಕೊಡುತ್ತಿದ್ದ ಮನುಷ್ಯ, ಒಬ್ಬೊಬ್ಬರ ಅಂಗೈಯಲ್ಲೂ ಎಣಿಸಿ ಇಟ್ಟು, "ಸರಿ ಅದ ಇಲ್ಲ ನೋಡ್ಕೋರಿ" ಎನ್ನತೊಡಗಿದರು. ನನಗೆ ಚೇಷ್ಟೆ ಮಾಡುವುದನ್ನೂ ಬಿಟ್ಟರು. ನಾನು ಗಡಿಯಾರ ನೋಡಿದರೆ ಸಾಕು, ಸೀಟು ಖಾಲಿಯಿದ್ದರೂ ಜೀಪು ಹೊರಡಿಸುತ್ತಿದ್ದರು. ಆ ಮರ್ಯಾದೆ ನನಗೆ ಬೇಕಿರಲಿಲ್ಲ. ಮೊದಲಿನಂತೆ ಕಾಯಿಸಿ, ಎಲ್ಲರೆದುರು ನಗೆಪಾಟಲು ಮಾಡಿದ್ದರೆ ಸಾಕಿತ್ತು...

ಕಂಪನಿಯಲ್ಲಿ ಹಠ ಹಿಡಿದು ಒಂದು ಸಾಲು ಸೇರಿಸಿದೆ. ಹೀಗೆ ಬಂದ್ ಆದ ಖಾತೆ ಮತ್ತೆ ತೆರೆದಾಗ ಈಗ ಹೋಗುವ ಮೆಸೇಜಿನಲ್ಲಿ 'ನಿಮ್ಮಿಂದ ಯಾವ ತಪ್ಪೂ ಆಗಿಲ್ಲ' ಎಂದಿರುತ್ತದೆ. ಅಷ್ಟಕ್ಕೆ ಮೇಲಿನವರೆಲ್ಲ ಒಪ್ಪಿಗೆ ಕೊಡಬೇಕಿತ್ತು, ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರೊಳಗೆ ಎದೆನೋವೆಂದು ಮಾಮಾನನ್ನು ಮಿರಜಿನ ಆಸ್ಪತ್ರೆಗೆ ಒಯ್ದರು. ತಿರುಗಿ ಬರಲಿಲ್ಲ. ಆ ಸುದ್ದಿ ಬಂದಾಗಲೂ ನಾನು ಮೀಟಿಂಗಿನಲ್ಲಿದ್ದೆ.

ಮೊನ್ನೆ ಆ ಅಂಟಿನ ಕಲೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ, ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. "ಈ ಜೀಪ್ ಗುರುತು ಅದ ಏನ್ರಿ ಬಾಯಾರ?"

"ಅದ. ಭಾಳ ನಿಯತ್ತಿನ ಮನಶ್ಯಾ. ಒಂದು ಪೈಸಾ ಲಬಾಡಿ ಮಾಡಿದಾವ್ರಲ್ಲ" ಎಂದೆ. ಪಕ್ಕದ ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ.

ಅವನು ಗಾಬರಿಯಾದ. "ಅದಕ್ಯಾಕ ಇಷ್ಟ್ ಒದರ್ತೀರಿ? ಎಲ್ಲಾರಿಗೂ ಗೊತ್ತಿದ್ದ ಮಾತ ಅದು."

ಹೌದು, ಎಲ್ಲರಿಗೂ ಗೊತ್ತಿತ್ತು. ಚೀಲ ಎತ್ತಿಕೊಂಡ ಆ ಹೆಂಗಸಿಗೂ ಗೊತ್ತಿತ್ತು ಅನ್ನಿಸುತ್ತದೆ. ಮಾಮಾ ಇರುವಾಗ ಅವರ ಮುಂದೆ ಯಾರೂ ಅದನ್ನು ಹೇಳಲಿಲ್ಲ.