ಕೂಗದ ಕಿವಿ

ಜಪಾನಿನ ಸೆಂಡಾಯ್‌ನಲ್ಲಿರುವ ನಮ್ಮ ಪ್ರಯೋಗಾಲಯದ ಕುವಬಾರಾ ಮೇಡಂಗೆ ಕೆಂಪಗೆ ಊದಿಕೊಂಡ ಕಿವಿ ಕಂಡರೆ ಸಮಾಧಾನ, ಚೆನ್ನಾಗಿರುವ ಕಿವಿ ಕಂಡರೆ ದಿಗಿಲು. ಕಿವಿಯೊಳಗೆ ಬ್ಯಾಕ್ಟೀರಿಯಾ ಹೊಕ್ಕ ಕೂಡಲೇ ಅಲ್ಲಿನ ಜೀವಕೋಶಗಳು ಹೇಗೆ ಕೂಗಿಕೊಂಡು ಮೈಯನ್ನು ಎಚ್ಚರಿಸುತ್ತವೆ ಎಂದು ಹುಡುಕುವುದರಲ್ಲೇ ಅವರ ಮೂವತ್ತು ವರ್ಷ ಕಳೆದಿದೆ. ಆ ಕೂಗುವ ಶಕ್ತಿಯನ್ನೇ ತೆಗೆದುಹಾಕಿದ ಇಲಿಗಳು ಕಿಟಕಿ ಪಕ್ಕದ ಗೂಡಿನಲ್ಲಿವೆ. ಸೋಂಕು ತಗುಲಿಸಿದ ಮರುದಿನವೂ ಅವು ಕಾಳು ತಿನ್ನುತ್ತ ಆರಾಮಾಗಿರುತ್ತವೆ. "ಏನೂ ಆಗಿಲ್ಲ ಮೇಡಂ, ಹಾಯಾಗಿವೆ" ಎಂದರೆ, "ಹಾಯಾಗಿರೋದು ನೋಡಿಯೇ ನಂಗೆ ಹೆದರಿಕೆ ಕಣ್ರೀ. ಒಳಗೆ ಕೀವು ತುಂಬ್ತಿರುತ್ತೆ, ಅವಕ್ಕೆ ಗೊತ್ತೇ ಆಗಲ್ಲ. ಇನ್ನೊಂದ್ಸಲ ನೋಡಿ" ಎನ್ನುತ್ತಾರೆ. ಡಬ್ಬಿಯ ಅನ್ನವನ್ನು ಅರ್ಧಕ್ಕೇ ಬಿಟ್ಟು ತಾವೇ ಎದ್ದು ಹೋಗುತ್ತಾರೆ. ಯಾರಾದರೂ ತಮ್ಮ ಮಗು ಅಳುವುದೇ ಇಲ್ಲ ಎಂದು ಹೇಳಿಕೊಂಡರೆ, "ಕಿವಿ ತೋರಿಸಿದ್ರಾ?" ಎಂದು ವಾರವಿಡೀ ಪೀಡಿಸುತ್ತಾರೆ. ಪ್ರಯೋಗದಲ್ಲಿ ಸತ್ತ ಇಲಿಗಳ ನೆನಪಿನ ಕಲ್ಲಿಗೆ ವರ್ಷಕ್ಕೊಮ್ಮೆ ನಾವೆಲ್ಲ ಸೇವಂತಿಗೆ ಇಟ್ಟು ತಲೆಬಾಗುತ್ತೇವೆ. ಈ ಸಲ ಮೇಡಂ ಅವರ ವಯಸ್ಸಾದ ತಾಯಿಯೂ ಬಂದಿದ್ದರು. "ಚಿಕ್ಕೋಳಿದ್ದಾಗ ಇವಳಿಗೆ ಕಿವಿ ಸೋರ್ತಿತ್ತು. ಒಂದಿನಾನೂ ಅತ್ತವಳಲ್ಲ. ಎಷ್ಟು ಸಹನೆ ಅಂತ ಕೇರಿಯವರೆಲ್ಲ ಹೊಗಳ್ತಿದ್ರು" ಎಂದು ಹೆಮ್ಮೆಯಿಂದ ನನಗೆ ಹೇಳಿದರು. ತಮ್ಮ ಎಡಗಡೆಯಲ್ಲೇ ನಿಂತಿದ್ದ ತಾಯಿಯತ್ತ ಮೇಡಂ ಪೂರ್ತಿ ತಿರುಗಿ ಬಲಗಿವಿಯನ್ನು ಒಡ್ಡಿ, "ಏನಂದೆ ಅಮ್ಮಾ?" ಎಂದರು.