ಸ್ವಿಚ್ಚಿನ ಮೇಲಿನ ಕೈ

ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಕರೆಂಟಕ್ಕ ಎನ್ನುತ್ತಿದ್ದರು. ವರ್ಕ್‌ಶಾಪು ಅವಳ ಭಾವನದು, ಅಕ್ಕನ ಗಂಡನದು. ಸರಕು ಸಾಗಿಸುವ ಬ್ಯಾಟರಿ ಗಾಡಿಯನ್ನು ಚಾಲಕ ಊಟ ಮುಗಿಸುವಷ್ಟರಲ್ಲಿ ಚಾರ್ಜ್ ಮಾಡುವ ಯಂತ್ರ ಬೇಕೆಂದು ಆತ ಹೇಳಿದಾಗ, ಅವಳು ಊಟ ನಿದ್ದೆ ಬಿಟ್ಟು ಅದರ ಬೆನ್ನು ಹತ್ತಿದಳು. ಲಿಥಿಯಂ ಬ್ಯಾಟರಿಗೆ ಅಷ್ಟು ಕರೆಂಟನ್ನು ಯಾರು ಬೇಕಾದರೂ ನುಗ್ಗಿಸಬಹುದು. ಬ್ಯಾಟರಿ ಬಿಸಿಯಾಗುತ್ತಿದ್ದಂತೆ ತಾನಾಗಿ ಕೈ ಬಿಗಿ ಹಿಡಿದು ಕರೆಂಟು ತಗ್ಗಿಸುವ ಚಾರ್ಜರ್ ಕಟ್ಟುವುದೇ ಕಷ್ಟ. ಎಷ್ಟೋ ಟ್ರಾನ್ಸಿಸ್ಟರುಗಳು ಢಬ್ಬೆಂದು ಸಿಡಿದವು. ಕೊನೆಗೆ ಬ್ಯಾಟರಿಯ ಬಿಸಿ ಅಳೆಯುವ ತೆಳು ತಂತಿಯೊಂದನ್ನು ಚಾರ್ಜರಿಗೆ ಜೋಡಿಸಿ, ಅದು ಹೇಳಿದಷ್ಟೇ ಕರೆಂಟು ಹರಿಯುವಂತೆ ಮಾಡಿದಳು.

ಗಿರಾಕಿಗಳಿಗೆ ತೋರಿಸುವ ದಿನ ಭಾವ, "ಇದು ನಾನೇ ಕೂತು ಮಾಡಿದ್ದು" ಎಂದು ಭಾಷಣ ಬಿಗಿದ. ಆಮೇಲೆ ಅವಳತ್ತ ಕೈ ತೋರಿಸಿ, "ಇವಳು ನಮ್ಮ ನಾದಿನಿ. ಬೆಸುಗೆ ಚೆನ್ನಾಗಿ ಹಾಕ್ತಾಳೆ" ಎಂದ. ಜನ ನಕ್ಕರು.

ಅವಳು ಅಂದೇ ಕೆಲಸ ಬಿಟ್ಟಳು. ಬಾಡಿಗೆಯ ಕಾರ್ ಶೆಡ್ಡೊಂದರಲ್ಲಿ ಒಬ್ಬಳೇ ಕೂತು ಹೊಸ ಚಾರ್ಜರ್ ಕಟ್ಟಿದಳು. ಆ ನಗು ಕಿವಿಯಿಂದ ಹೋಗಲಿಲ್ಲ.

"ಮನೆಯವರ ಮೇಲೆ ಎಂಥಾ ಹಟ ಕಣೇ ನಿಂದು?" ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

"ಹಟ ಅಲ್ಲಕ್ಕ, ಸೇಡು."

ಅಷ್ಟರಲ್ಲಿ ಹಳೆಯ ಕೆಲಸಗಾರನೊಬ್ಬ ಸುದ್ದಿ ತಂದ. ಇನ್ನೂ ಬೇಗ ಚಾರ್ಜ್ ಆಗಲೆಂದು ಭಾವ ಬಿಸಿ ಅಳೆಯುವ ಆ ತಂತಿಯನ್ನೇ ಕಿತ್ತು, ಬ್ಯಾಟರಿ ಸದಾ ತಣ್ಣಗಿದೆಯೆಂದು ಯಂತ್ರ ನಂಬುವಂತೆ ಮಾಡಿದ್ದನಂತೆ. ಬೇಡವೆಂದು ಎಚ್ಚರಿಸಬಹುದಿತ್ತು. ಅವಳು ಹಾಗೆ ಮಾಡದೆ, ಭಾವನ ಚಾರ್ಜರುಗಳನ್ನು ಕೊಳ್ಳಲಿದ್ದ ಗಾಡಿಗಳ ಮಾಲೀಕನ ಬಳಿಗೇ ನೇರ ಹೋದಳು.

"ಭಾವನ ಚಾರ್ಜರ್, ನನ್ನ ಚಾರ್ಜರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಸಾರ್. ಭಾವನ ಅಂಗಳದಲ್ಲೇ ಆಗ್ಲಿ. ಮಧ್ಯಾಹ್ನ ಆದ್ರೆ ಒಳ್ಳೇದು."

ಪರೀಕ್ಷೆಯ ದಿನ ಬಿಸಿಲಲ್ಲಿ ಓಡಿ ಬಂದ ಎರಡು ಗಾಡಿಗಳನ್ನು ಚಾರ್ಜರುಗಳಿಗೆ ಸಿಕ್ಕಿಸಿದರು. ಅವಳು ಮೇನ್ ಸ್ವಿಚ್ಚಿನ ಪಕ್ಕ ಹೋಗಿ ನಿಂತಳು. ಮೊದಮೊದಲು ಭಾವನ ಯಂತ್ರವೇ ಮುಂದಿತ್ತು. ಅವಳದು ಬಿಸಿ ಕಂಡು ನಿಧಾನವಾದಾಗ ಭಾವ ಮೀಸೆಯಲ್ಲೇ ನಕ್ಕ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅವನ ಯಂತ್ರಕ್ಕೆ ಸಿಕ್ಕಿಸಿದ್ದ ಗಾಡಿಯ ಬ್ಯಾಟರಿ ಉಬ್ಬತೊಡಗಿತು.

"ಸ್ವಿಚ್ ಆರಿಸು" ಎಂದು ಭಾವ ಕೂಗಿದ.

ಅವಳ ಕೈ ಸ್ವಿಚ್ಚಿನ ಮೇಲೇ ಇತ್ತು. "ಈ ಚಾರ್ಜರ್ ಮಾಡಿದ್ದು ಯಾರು ಭಾವ?"

"ಆರಿಸೇ ಮೊದಲು."

"ಯಾರು?"

"ನೀನು. ನೀನೇ ಮಾಡಿದ್ದು."

"ತಂತಿ ಕಿತ್ತಿದ್ದು?"

"ನಾನು."

ಅವಳು ಆರಿಸಿದಳು. ಕೆಲಸಗಾರರೆಲ್ಲ ಕೇಳಿಸಿಕೊಂಡಿದ್ದರು. ಮಾಲೀಕ ಅವಳ ಚಾರ್ಜರುಗಳನ್ನೇ ಕೊಂಡ. ಭಾವನ ವರ್ಕ್‌ಶಾಪಿಗೆ ಆ ವರ್ಷವೇ ಬೀಗ ಬಿತ್ತು.

"ಹೊಟ್ಟೆ ತಣ್ಣಗಾಯ್ತಾ?" ಎಂದು ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಆಯ್ತು."

ಅಕ್ಕ ಅವಳೊಡನೆ ಆಡಿದ ಕೊನೆಯ ಮಾತು ಅದೇ. ಅವಳು ಭಾವನನ್ನು ಪ್ರಶ್ನಿಸುತ್ತಿದ್ದಷ್ಟು ಹೊತ್ತೂ ಆ ಗಾಡಿಯ ಚಾಲಕ ಆಚೆ ಬದಿಯಲ್ಲಿ, ಉಬ್ಬಿದ ಬ್ಯಾಟರಿಯ ಪಕ್ಕದಲ್ಲೇ ಗಾಡಿಗೆ ಒರಗಿಕೊಂಡು ನಿಂತಿದ್ದನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಅದೊಂದು ಅವಳನ್ನು ಇಂದಿಗೂ ಚುಚ್ಚುತ್ತದೆ. ಭಾವನ ಆ ಹೊತ್ತಿನ ಮುಖ ನೆನಪಾದರೆ ಮಾತ್ರ ಈಗಲೂ ಹಿತವೆನಿಸುತ್ತದೆ.